ಚಟ, ಮನಸ್ಸಿನ ಗಾಯ ಮತ್ತು ನಮ್ಮ ಸಭೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ, ಸಭಾಪಾಲಕಿಯೂ ಅಲ್ಲ. ಬೆಟಗೇರಿಯಲ್ಲಿ ಬೆಳೆದೆ, ಈಗ ಹುಬ್ಬಳ್ಳಿಯಲ್ಲಿದ್ದೇನೆ. ಕುಡಿತ ಬಿಡಬೇಕು ಅಂತ ಬಂದವರ ಜೊತೆ, ಅವರ ಮನೆಯವರ ಜೊತೆ ಆಸ್ಪತ್ರೆಗೆ ಹೋಗಿ ಕೂರುವುದು ನಮ್ಮ ಕ್ರೈಸ್ತ ಸಭೆಯಲ್ಲಿ ನನ್ನ ಕೆಲಸ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಭೆಗಳವರು ಭೇಟಿಯಾದಾಗೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅದಕ್ಕೇ ಒಂದು ಕಡೆ ಬರೆದಿಟ್ಟೆ.

ಕುಡಿತ ಪಾಪವೋ, ರೋಗವೋ?

ಈ ಪ್ರಶ್ನೆ ಇಟ್ಟುಕೊಂಡು ಸಭೆಯ ಹಿರಿಯರು ಎರಡು ತಾಸು ವಾದ ಮಾಡುವುದನ್ನು ನೋಡಿದ್ದೇನೆ. ಅಷ್ಟು ಹೊತ್ತೂ ಆ ಮನುಷ್ಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

ಮೊದಮೊದಲು ಕುಡಿಯುವುದು ಅವನ ಕೈಯಲ್ಲೇ ಇರುತ್ತದೆ. ವರ್ಷಗಟ್ಟಲೆ ಕುಡಿದ ಮೇಲೆ ಮೆದುಳೇ ಬದಲಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ಗುಟುಕು ಬಿದ್ದರೆ ನಿಲ್ಲುತ್ತದೆ. ಆಗ ಅವನು ಮಜಾಕ್ಕೆ ಕುಡಿಯುತ್ತಿಲ್ಲ, ನಡುಕ ನಿಲ್ಲಿಸಲು ಕುಡಿಯುತ್ತಿದ್ದಾನೆ. ಅದಕ್ಕೆ ಔಷಧಿ ಇದೆ. ಕುಡಿದು ಹೆಂಡತಿಗೆ ಹೊಡೆದಿದ್ದರೆ ಅದಕ್ಕೆ ಅವನೇ ಉತ್ತರ ಕೊಡಬೇಕು. ಈ ಎರಡೂ ಮಾತು ಒಟ್ಟಿಗೇ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ.

ಉಪವಾಸ ಪ್ರಾರ್ಥನೆ ಮಾಡಿ ಒಂದೇ ದಿನದಲ್ಲಿ ಬಿಡಿಸಬಹುದಲ್ವಾ?

ಇದಕ್ಕೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ.

ನಮ್ಮ ಅಪ್ಪ ಇಪ್ಪತ್ತು ವರ್ಷ ಕುಡಿದರು. ಒಂದು ಶುಕ್ರವಾರ ಪ್ರಾರ್ಥನಾ ಕೂಟದಲ್ಲಿ ಅತ್ತು, ಸತ್ಯವೇದದ (ಬೈಬಲ್) ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಅಂದರು. ನಮಗೆಲ್ಲ ಹಬ್ಬ. ಶನಿವಾರ ಬೆಳಿಗ್ಗೆ ಕೈ ನಡುಗಿತು, ಮೈಯೆಲ್ಲ ಬೆವರು. ರಾತ್ರಿ ನಿದ್ದೆ ಇಲ್ಲ. ಭಾನುವಾರ ಸಂಜೆ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ, ಅಟ್ಟದ ಮೇಲೆ ಯಾರೋ ಕೂತಿದ್ದಾರೆ ಅಂತ ಕೂಗಿದರು. ಅಮ್ಮನ ಗುರುತೇ ಹತ್ತಲಿಲ್ಲ. ಸಭೆಯಿಂದ ಬಂದವರು, "ಇವರಿಗೆ ಸೈತಾನ ಗಂಟು ಬಿದ್ದಾನ" ಅಂದರು. ಕೈಕಾಲು ಹಿಡಿದುಕೊಂಡು ರಾತ್ರಿಯಿಡೀ ಪ್ರಾರ್ಥಿಸಿದೆವು. ಬೆಳಗಿನ ಜಾವ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡರು. ಆಗ ಆಸ್ಪತ್ರೆಗೆ ಓಡಿದೆವು.

ಅಪ್ಪ ಬದುಕಿದರು. ಡಾಕ್ಟರು ಹೇಳಿದ್ದು ಇಷ್ಟೇ: "ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ. ಮೊದಲ ದಿನವೇ ಕರಕೊಂಡು ಬಂದಿದ್ದರೆ ಇಷ್ಟರ ಮಟ್ಟಿಗೆ ಹೋಗುತ್ತಿರಲಿಲ್ಲ."

ಇದನ್ನು ಪ್ರತಿ ಸಭೆಯ ಹಿರಿಯರೂ ತಿಳಿದಿರಬೇಕು. ಕೊನೆಯ ಗುಟುಕಿನ ನಂತರ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಗಲಿಬಿಲಿ, ಇಲ್ಲದ್ದು ಕಾಣುವುದು, ಜ್ವರ, ಎದೆ ಬಡಿತ ಏರುವುದು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವವೇ ಹೋಗಬಹುದು. ಅವನಿಗೆ ಕಾಣುವ ಇರುವೆಗಳು ಸೈತಾನನ ಕೆಲಸ ಅಲ್ಲ. ಹೆಂಡ ಇಲ್ಲದೆ ಮೆದುಳು ಕೆರಳಿರುತ್ತದೆ, ಅಷ್ಟೇ.

ಹಾಗಾಗಿ ದಿನಾ ಕುಡಿಯುವವರಿಗೆ "ಇವತ್ತೇ ಬಿಡು" ಅಂತ ಆಣೆ ಮಾಡಿಸಬೇಡಿ. "ನಾಳೆ ಆಸ್ಪತ್ರೆಗೆ ಹೋಗೋಣ, ನಾನು ಜೊತೆಗೆ ಬರ್ತೀನಿ" ಅನ್ನಿ. ಅದರಲ್ಲೂ ಹಿಂದೆ ಫಿಟ್ಸ್ ಬಂದವರು, ವಯಸ್ಸಾದವರು, ಲಿವರ್ ಕೆಟ್ಟವರು ಮನೆಯಲ್ಲಿ ಬಿಡಲು ಹೋಗಲೇಬಾರದು. ಉಪವಾಸವಂತೂ ಬೇಡ. ಜಾಸ್ತಿ ಕುಡಿಯುವವರ ಮೈಯಲ್ಲಿ ಮೊದಲೇ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಹಸಿವಿನಿಂದ ಇನ್ನೂ ಕೆಡುತ್ತದೆ.

ಆಸ್ಪತ್ರೆಗೆ ಹೋದರೆ ನಂಬಿಕೆ ಕಮ್ಮಿ ಅಂತ ಆಗಲ್ವಾ?

ಬೆಟಗೇರಿಯ ಹಳಬರನ್ನು ಕೇಳಿ. ನಮ್ಮ ಆಸ್ಪತ್ರೆಯನ್ನು ಅವರು ಇನ್ನೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು, ಹೆಚ್ಚಿನವರು ಜರ್ಮನರು, 1837ರಲ್ಲಿ ಧಾರವಾಡಕ್ಕೆ ಬಂದರು. ಈ ಭಾಗದಲ್ಲಿ ಅವರು ಗುಡಿ (ಚರ್ಚು) ಅಷ್ಟೇ ಕಟ್ಟಲಿಲ್ಲ, ಶಾಲೆ ಕಟ್ಟಿದರು, ಆಸ್ಪತ್ರೆ ನಡೆಸಿದರು. ಪ್ರಾರ್ಥನೆಯನ್ನೂ ಔಷಧಿಯನ್ನೂ ಒಂದೇ ಅಂಗಳದಲ್ಲಿ ಇಟ್ಟುಕೊಂಡೇ ಬೆಳೆದವರು ನಾವು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಾಗ ಯಾರೂ ನಂಬಿಕೆಯ ಮಾತು ಎತ್ತುವುದಿಲ್ಲ. ಚಟಕ್ಕೆ, ಮನಸ್ಸಿನ ಕಾಯಿಲೆಗೆ ಮಾತ್ರ ಎತ್ತುತ್ತೇವೆ.

ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಮನಸ್ಸಿಗೂ ಚಟಕ್ಕೂ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಹುಬ್ಬಳ್ಳಿಯವರು ಕಿಮ್ಸ್ ಆಸ್ಪತ್ರೆಯ (ಈಗಿನ ಹೆಸರು ಕೆಎಂಸಿಆರ್‌ಐ) ಮನೋವೈದ್ಯ ವಿಭಾಗಕ್ಕೆ ಹೋಗಬಹುದು, ಗದಗದವರು ಜಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಹಾವೇರಿಯವರು ಜಿಲ್ಲಾ ಆಸ್ಪತ್ರೆಗೆ. ಶಿರಹಟ್ಟಿ, ರೋಣ, ಹಾನಗಲ್ಲ, ಬ್ಯಾಡಗಿ ಕಡೆ ಇದ್ದೀರಾ? ತಾಲ್ಲೂಕು ಆಸ್ಪತ್ರೆಯಲ್ಲಿ "ಮನೋಚೈತನ್ಯ ಯಾವತ್ತು?" ಅಂತ ಕೇಳಿ. ಮನೋವೈದ್ಯರು ಬಂದು ನೋಡುವ ಸರ್ಕಾರಿ ಕಾರ್ಯಕ್ರಮ ಅದು.

ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಚಟ ಬಿಡಿಸುವ ಬಗ್ಗೆ ಕೇಳಲು 14446. ಈ ಎರಡು ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗುಡಿಯ ನೋಟಿಸ್ ಬೋರ್ಡಿಗೆ ಹಚ್ಚಿ. ಹೆಂಗಸರ ಶೌಚಾಲಯದ ಬಾಗಿಲ ಒಳಗೂ ಒಂದು ಹಚ್ಚಿ. ಯಾರೂ ನೋಡದ ಜಾಗದಲ್ಲಿ ನಿಂತು ನಂಬರ್ ಬರೆದುಕೊಳ್ಳಬೇಕಾದವರು ಇರುತ್ತಾರೆ.

"ಧಾರವಾಡಕ್ಕೆ ಹೋದ" ಅಂತ ಊರವರು ಆಡಿಕೊಳ್ಳಲ್ವಾ?

ಆಡಿಕೊಳ್ಳುತ್ತಾರೆ. ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅನ್ನುವುದು ಬೈಗುಳವೇ ಆಗಿಬಿಟ್ಟಿದೆ. ಇದಕ್ಕೆ ಒಂದೇ ಮದ್ದು ನನಗೆ ಗೊತ್ತಿರುವುದು: ಸಭಾಪಾಲಕರು ತಾವೇ ಒಮ್ಮೆ ಜೊತೆಗೆ ಹೋಗುವುದು. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಅವರ ಪಕ್ಕದ ಸೀಟಿನಲ್ಲಿ ಕೂತು ಹೋಗಿ ಬನ್ನಿ. ಪೀಠದಿಂದ ಹೇಳುವ ಹತ್ತು ಪ್ರಸಂಗಕ್ಕಿಂತ ಅದು ಜಾಸ್ತಿ ಮಾತಾಡುತ್ತದೆ.

ಮನಸ್ಸಿನ ಗಾಯ, ಟ್ರಾಮಾ ಅಂದ್ರೆ ಏನು? ನಮ್ಮ ಸಭೆಯಲ್ಲಿ ಅಂಥವರು ಇದ್ದಾರಾ?

ಇದ್ದಾರೆ. ಹೆಸರಿಟ್ಟು ಕರೆದಿಲ್ಲ, ಅಷ್ಟೇ.

2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. ಅದೇ ವರ್ಷ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣದ ಹೊಳೆಆಲೂರು ನೀರಲ್ಲಿ ನಿಂತವು. ಆಮೇಲೆ ಕೊರೊನಾ. ಮಣ್ಣು ಮಾಡಲೂ ಹೋಗಲಾಗದೆ ಸಂಬಂಧಿಕರನ್ನು ಕಳೆದುಕೊಂಡವರು ಎಷ್ಟೋ ಜನ. ಇದೆಲ್ಲ ಪೇಪರಿನಲ್ಲಿ ಬಂದ ದುಃಖ. ಬಾರದೇ ಇರುವುದು ಇನ್ನೂ ಇದೆ: ಚಿಕ್ಕಂದಿನಲ್ಲಿ ಯಾರೋ ಮುಟ್ಟಬಾರದ ಕಡೆ ಮುಟ್ಟಿದ್ದು, ದಿನಾ ರಾತ್ರಿ ಅಪ್ಪ ಬರುವ ಸದ್ದಿಗೆ ಮಂಚದ ಕೆಳಗೆ ಅಡಗಿದ್ದು, ಜಾತಿ ಎತ್ತಿ ಊರ ಮುಂದೆ ಹೊಡೆದಿದ್ದು, ಸಾಲಕ್ಕೆ ಅಣ್ಣ ವಿಷ ಕುಡಿದದ್ದನ್ನು ಮೊದಲು ನೋಡಿದ್ದು.

ಘಟನೆ ಮುಗಿದಿರುತ್ತದೆ, ಮೈಗೆ ಮಾತ್ರ ಅದು ಮುಗಿದಿದೆ ಅಂತ ಗೊತ್ತಾಗಿರುವುದಿಲ್ಲ. ಪಾತ್ರೆ ಬಿದ್ದರೂ ಬೆಚ್ಚುತ್ತಾರೆ. ಅದೇ ದೃಶ್ಯ ಕಣ್ಣ ಮುಂದೆ ಬರುತ್ತದೆ. ಆ ರಸ್ತೆಗೆ, ಆ ಮನೆಗೆ ಹೋಗುವುದಿಲ್ಲ. ನಿದ್ದೆ ಹತ್ತುವುದಿಲ್ಲ. ಸುಮ್ನೆ ಸಿಟ್ಟು ಬರುತ್ತದೆ. ಕೆಲವರು ಕಲ್ಲಿನಂತೆ ಆಗಿಬಿಡುತ್ತಾರೆ, ಅಳುವೂ ಬರುವುದಿಲ್ಲ. ಎಷ್ಟೋ ಜನರಿಗೆ ಕೆಲವು ವಾರಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಹಾಗೇ ಇದ್ದರೆ, ಕೆಲಸ, ಮನೆ ನಡೆಸಲು ಆಗದಿದ್ದರೆ, ಮನೋವೈದ್ಯರಿಗೆ ತೋರಿಸಬೇಕು.

ಇಲ್ಲಿ ಚಟದ ಬೇರು ಸಿಗುತ್ತದೆ. ನಿದ್ದೆ ಬರದವನಿಗೆ ಒಂದು ಕ್ವಾರ್ಟರ್ ನಿದ್ದೆ ಕೊಡುತ್ತದೆ. ಮೊದಲ ಸಲ ಅದು ಔಷಧಿಯ ಹಾಗೇ ಕಾಣುತ್ತದೆ. ನಮ್ಮ ಅಪ್ಪ ಕುಡಿಯಲು ಶುರು ಮಾಡಿದ್ದು ನನ್ನ ತಮ್ಮ ಬಾವಿಗೆ ಬಿದ್ದು ತೀರಿಕೊಂಡ ವರ್ಷ. ಇಪ್ಪತ್ತು ವರ್ಷದಲ್ಲಿ "ಯಾಕ ಕುಡೀತಿ?" ಅಂತ ಬೈದವರು ಬಹಳ. "ಆ ದಿನ ಏನಾಯ್ತು?" ಅಂತ ಕೇಳಿದವರು ಒಬ್ಬರೂ ಇರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಗಾದರೆ ಅವರ ಬಾಯಿಂದ ಎಲ್ಲ ಹೇಳಿಸಬೇಕಾ?

ಬೇಡ. ಕೇಳಲು ಸಿದ್ಧರಿರುವುದು ಬೇರೆ, ಕೆದಕುವುದು ಬೇರೆ. ಒತ್ತಾಯ ಮಾಡಿ ಹೇಳಿಸಿದರೆ ಗಾಯ ಮತ್ತೆ ಹರಿಯುತ್ತದೆ. ಅವರು ಎಷ್ಟು ಹೇಳುತ್ತಾರೋ ಅಷ್ಟು ಕೇಳಿ. ನಡುವೆ ನಿಮ್ಮ ಅನುಭವ ತರಬೇಡಿ. "ಎಲ್ಲ ದೇವರ ಚಿತ್ತ", "ಪರೀಕ್ಷೆ ಮಾಡ್ತಿದ್ದಾನೆ", "ನಿನಗಿಂತ ಕಷ್ಟದಲ್ಲಿ ಇರೋರು ಇದ್ದಾರೆ" ಈ ಮೂರು ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಸತ್ಯವೇದದಲ್ಲಿ, ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಹೇಳಬಹುದಾದ ಮಾತು ಚಿಕ್ಕದು: "ಹೇಳಿದ್ದು ಒಳ್ಳೆಯದಾಯ್ತು. ಇದು ನಿನ್ನ ತಪ್ಪಲ್ಲ. ಈಗ ಊಟ ಆಯ್ತಾ?" ಊಟದ ಮಾತು ಸುಮ್ನೆ ಹೇಳಿದ್ದಲ್ಲ. ಸಾಯಬೇಕು ಅಂತ ಮರದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ಉಪದೇಶವಲ್ಲ. ರೊಟ್ಟಿ, ನೀರು, ಮತ್ತೆ ನಿದ್ದೆ.

ಆರಾಧನೆಯಲ್ಲಿ ಏನಾದರೂ ಬದಲಾಯಿಸಬೇಕಾ?

ಸ್ವಲ್ಪ. ಪ್ರಾರ್ಥಿಸುವಾಗ ಕೇಳದೆ ತಲೆಯ ಮೇಲೆ ಕೈ ಇಡಬೇಡಿ. ಬಲವಂತದ ಮುಟ್ಟುವಿಕೆಯನ್ನು ಅನುಭವಿಸಿದ ಹೆಣ್ಣುಮಗಳಿಗೆ, ಕಣ್ಣು ಮುಚ್ಚಿದಾಗ ಹಿಂದಿನಿಂದ ಬರುವ ಗಂಡಸಿನ ಕೈ ಆಶೀರ್ವಾದದಂತೆ ಕಾಣುವುದಿಲ್ಲ. "ಕೈ ಇಡಲಾ?" ಅಂತ ಕೇಳಿ, ಬೇಡ ಅಂದರೆ ದೂರದಿಂದಲೇ ಪ್ರಾರ್ಥಿಸಿ. ಬಾಗಿಲ ಹತ್ತಿರ ಕೂರುವವರನ್ನು "ಮುಂದೆ ಬನ್ನಿ" ಅಂತ ಎಳೆಯಬೇಡಿ. ಎದ್ದು ಹೋಗಲು ದಾರಿ ಇದೆ ಅನ್ನುವ ಧೈರ್ಯದ ಮೇಲೆಯೇ ಅವರು ಒಳಗೆ ಬಂದಿರುತ್ತಾರೆ. ಸ್ಪೀಕರ್ ಸದ್ದು ಒಂದಿಷ್ಟು ಇಳಿಸಿ. ದುಃಖದ ಕೀರ್ತನೆಗಳನ್ನೂ ಓದಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದನ್ನೂ ಯಾರೂ ಸತ್ಯವೇದದಿಂದ ತೆಗೆದುಹಾಕಿಲ್ಲ.

ಕುಡಿತ ಬಿಟ್ಟವರಿಂದ ಸಭೆಯ ಮುಂದೆ ಸಾಕ್ಷಿ (ತಾವು ಬದಲಾದ ಕಥೆ) ಹೇಳಿಸಬಹುದಾ?

ಅವಸರ ಬೇಡ. ಬಿಟ್ಟು ಮೂರು ವಾರ ಆದವನನ್ನು ವೇದಿಕೆ ಹತ್ತಿಸಿ ಚಪ್ಪಾಳೆ ಹೊಡೆಯುತ್ತೇವೆ. ಅವನು ಮತ್ತೆ ಎಡವಿದರೆ ಆ ಚಪ್ಪಾಳೆ ನೆನೆದೇ ಸಭೆಯ ಕಡೆ ತಲೆ ಹಾಕುವುದಿಲ್ಲ. ಕನಿಷ್ಠ ಒಂದು ವರ್ಷ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಅವರಾಗಿಯೇ ಹೇಳಲು ಬಂದರೂ ಹೆಂಡತಿ ಮಕ್ಕಳನ್ನು ಒಂದು ಮಾತು ಕೇಳಿ, ಅದು ಅವರ ಕಥೆಯೂ ಹೌದು.

ಪ್ರಾರ್ಥನಾ ವಿಷಯ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕುವುದೂ ತಪ್ಪು. ಅರ್ಧ ತಾಸಿನಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಊಟದಲ್ಲಿ ಗೊತ್ತಾಗದಂತೆ ಮದ್ದು ಹಾಕಿ ಕೊಡಬಹುದಾ?

ದಯವಿಟ್ಟು ಬೇಡ. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ಜಾಹೀರಾತು ನೋಡಿರುತ್ತೀರಿ. ಅಂಥ ಪುಡಿಗಳಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದನ್ನು ತೆಗೆದುಕೊಂಡು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ, ಒಮ್ಮೊಮ್ಮೆ ಪ್ರಾಣಕ್ಕೇ ಕುತ್ತು. ಡಾಕ್ಟರು ಅದನ್ನು ಕೊಡುವುದು ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದು. ಗೊತ್ತಿಲ್ಲದೆ ನುಂಗಿದವನು ಸಂಜೆ ಬಾರಿಗೆ ಹೋದರೆ ಏನು ಗತಿ?

ಪ್ರಭು ಭೋಜನದ ದ್ರಾಕ್ಷಾರಸ ಕೊಡಬಹುದಾ?

ಹುದುಗದ ದ್ರಾಕ್ಷಿ ರಸವಾದರೆ ತೊಂದರೆ ಇಲ್ಲ. ವೈನ್ ಬಳಸುವ ಸಭೆಯಾದರೆ ಮೊದಲೇ ಹೇಳಿ, ಅವರು ರೊಟ್ಟಿ ಮಾತ್ರ ತೆಗೆದುಕೊಳ್ಳಲಿ. ಕಥೋಲಿಕರಲ್ಲಿ ರೊಟ್ಟಿಯೊಂದರಲ್ಲೇ ಪರಮಪ್ರಸಾದ ಪೂರ್ಣ. ಡೈಸಲ್ಫಿರಾಮ್ ನುಂಗುವವರಿಗೆ ಒಂದು ಗುಟುಕು ವೈನೂ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಮನೆ ಮನೆಯಲ್ಲಿ ಕೇಕ್ ಜೊತೆ ಕೊಡುವ ವೈನೂ ಅಷ್ಟೇ. "ಮನೇಲಿ ಮಾಡಿದ್ದು, ಏನೂ ಆಗಲ್ಲ" ಅನ್ನಬೇಡಿ.

ಗಂಡ ಹೊಡೆಯುತ್ತಾನೆ. "ಕ್ಷಮಿಸು, ಪ್ರಾರ್ಥಿಸು" ಅಂತ ಸಭೆಯಲ್ಲಿ ಹೇಳುತ್ತಾರೆ. ಸರಿನಾ?

ಸರಿಯಲ್ಲ. ಮೊದಲು ಅವಳು ಮತ್ತು ಮಕ್ಕಳು ಹೊಡೆತಕ್ಕೆ ಸಿಗದ ಜಾಗದಲ್ಲಿ ಇರಬೇಕು. ಕ್ಷಮೆಯ ಮಾತು ಆಮೇಲೆ, ಅದೂ ಅವಳು ಎತ್ತಿದರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಿದರೆ ಅವಳು ಅಲ್ಲಿ ನಿಜ ಹೇಳುವುದಿಲ್ಲ, ಹೇಳಿದರೆ ಮನೆಗೆ ಹೋದ ಮೇಲೆ ಇನ್ನಷ್ಟು ಬೀಳುತ್ತದೆ. ಮಹಿಳಾ ಸಹಾಯವಾಣಿ 181. ಜಿಲ್ಲೆಯಲ್ಲಿ ಸಖಿ ಕೇಂದ್ರವಿದೆ, ಅಲ್ಲಿ ಆಸರೆ, ವೈದ್ಯರು, ವಕೀಲರು ಎಲ್ಲದಕ್ಕೂ ದಾರಿ ತೋರಿಸುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಅದೇ ಮನೆಯಲ್ಲಿ ಇರುವ ಹಕ್ಕೂ ಅವಳಿಗಿದೆ. ಮಹಿಳಾ ಸಂಘದ ಒಬ್ಬರು ಅವಳ ಆಧಾರ್, ರೇಷನ್ ಕಾರ್ಡ್, ಮಕ್ಕಳ ಟಿಸಿ ಜೆರಾಕ್ಸ್ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರೆ ಎಷ್ಟೋ ಅನುಕೂಲ.

ಭಾನುವಾರ ಶಾಲೆಯ ಮಗು ಏನೋ ಹೇಳಿತು. ಸಭೆಯ ಮಾನ ಹೋಗುತ್ತೆ ಅಂತ ಭಯ.

ಲೈಂಗಿಕ ದೌರ್ಜನ್ಯದ ಮಾತಾದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ ಹಾಗೆ ಹೇಳುತ್ತದೆ. ಗೊತ್ತಿದ್ದೂ ಮುಚ್ಚಿಟ್ಟರೆ ಅದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಇನ್ನೂ ಜಾಸ್ತಿ ಶಿಕ್ಷೆ. ಸಭೆಯೊಳಗಿನವರೇ ಮಾಡಿದ್ದರೂ ಅಷ್ಟೇ. ಕಮಿಟಿ ಕೂರಿಸಿ ವಿಚಾರಣೆ ಮಾಡುವುದು ನಮ್ಮ ಕೆಲಸವಲ್ಲ. ಮಕ್ಕಳ ಸಹಾಯವಾಣಿ 1098. ಮಗುವನ್ನು ಪದೇ ಪದೇ ಕೇಳಬೇಡಿ, ನಂಬಿ. ಮಾನ ಉಳಿಯಬೇಕಾದದ್ದು ಮಗುವಿನದು.

ಆಸ್ಪತ್ರೆಯಿಂದ ಬಂದು ಮತ್ತೆ ಕುಡಿದ. ಎಷ್ಟು ಸಲ ಅಂತ ಕರೆದುಕೊಂಡು ಹೋಗುವುದು?

ಮತ್ತೆ ಬೀಳುವುದು ಈ ರೋಗದಲ್ಲಿ ತೀರಾ ಮಾಮೂಲು. ನಮ್ಮ ಅಪ್ಪ ನಾಲ್ಕನೇ ಸಲಕ್ಕೆ ನಿಂತರು. ಮೂರನೇ ಸಲ ಬಿದ್ದಾಗ ಸಭೆಯವರು ಬರುವುದು ನಿಲ್ಲಿಸಿದರು. ಒಬ್ಬ ಮುದುಕ ಮಾತ್ರ ಪ್ರತಿ ಗುರುವಾರ ಬಂದು ಚಹಾ ಕುಡಿದು ಹೋಗುತ್ತಿದ್ದರು. ಕುಡಿತದ ಮಾತೇ ಎತ್ತುತ್ತಿರಲಿಲ್ಲ. ಜೋಳದ ರೇಟು, ಮಳೆ, ಮೊಮ್ಮಕ್ಕಳು ಇಷ್ಟೇ ಮಾತು. "ಆ ಮನುಷ್ಯ ಬರ್ತಾನಲ್ಲ, ಅವತ್ತು ಕುಡಿದಿರಬಾರದು ಅನಿಸ್ತಿತ್ತು" ಅಂತ ಅಪ್ಪ ಆಮೇಲೆ ಹೇಳಿದರು. ಮೊದಲು ಗುರುವಾರದ ಕುಡಿತ ನಿಂತಿತು.

ಬಿದ್ದವನಿಗೆ ಸಾಲ ಕೊಡಿ, ಕೈಗೆ ದುಡ್ಡು ಕೊಡಿ ಅಂತ ನಾನು ಹೇಳುತ್ತಿಲ್ಲ. ಸಭೆಯ ಖಜಾನೆಯ ಬೀಗದ ಕೈಯನ್ನೂ ಕೊಡಬೇಡಿ. ಕುಡಿದು ಬಂದರೆ "ಇವತ್ತು ಮನೆಗೆ ಹೋಗು, ನಾಳೆ ಬಾ" ಅನ್ನಬಹುದು. ನಾಳೆ ಬಂದಾಗ ಬಾಗಿಲು ತೆರೆದಿರಲಿ.

ಯುವಕರ ವಿಷಯ?

ಬಾಟಲಿ ಒಂದನ್ನೇ ನೋಡಬೇಡಿ. ಗುಟ್ಕಾ, ಗಾಂಜಾ ಇವೆ. ಚಿಕ್ಕ ಹುಡುಗರು ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುತ್ತಾರೆ. ಮೂಸಿದಾಗಲೇ ಹೃದಯ ನಿಂತು ಸಾಯಬಹುದು. ಐಪಿಎಲ್ ಬೆಟ್ಟಿಂಗ್, ಮೊಬೈಲ್ ಜೂಜು ವಾಸನೆ ಬಾರದ ಚಟಗಳು, ಮನೆಯವರಿಗೆ ಗೊತ್ತಾಗುವುದು ಸಾಲದವರು ಬಾಗಿಲು ಬಡಿದಾಗ. ಅಂಥ ಹುಡುಗ ಸಿಕ್ಕರೆ ಬೈಯುವ ಮೊದಲು, ಸಾಯುವ ಯೋಚನೆ ಬಂದಿದೆಯಾ ಅಂತ ಕೇಳಿ.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ವಾ?

ಇಲ್ಲ. ನೇರವಾಗಿ ಕೇಳಿದರೆ ಅವರಿಗೆ ಭಾರ ಇಳಿಯುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕ, ಮಾತ್ರೆಗಳನ್ನು ಬೇರೆ ಕಡೆ ಇಡಿಸಿ. ನಮ್ಮ ಹೊಲದ ಮನೆಗಳಲ್ಲಿ ಇದು ಬಹಳ ಮುಖ್ಯ. 14416ಕ್ಕೆ ಅವರ ಪಕ್ಕ ಕೂತೇ ಫೋನ್ ಮಾಡಿ. ಪ್ರಯತ್ನ ಮಾಡಿ ಬದುಕಿದವರಿಗೆ ಕೇಸಿನ ಭಯ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ, ಶಿಕ್ಷೆಯಲ್ಲ, ಆರೈಕೆ ಸಿಗಬೇಕು ಅನ್ನುತ್ತದೆ.

ನಮ್ಮದು ಮೂವತ್ತು ಮನೆಗಳ ಸಭೆ. ದುಡ್ಡಿಲ್ಲ. ಏನು ಮಾಡಬಹುದು?

ಖಾಲಿ ಕೋಣೆ ಇದೆಯಲ್ಲ? ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟ 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಮಾತಾಡುತ್ತಾ ಕೂತಾಗ ಶುರುವಾಯಿತು. ಅದಕ್ಕೆ ಫೀಸಿಲ್ಲ, ಡಾಕ್ಟರಿಲ್ಲ. ಕುರ್ಚಿ, ಚಹಾ, ವಾರಕ್ಕೊಂದು ಸಂಜೆ ಸಾಕು. ಕೋಣೆ ಕೊಟ್ಟು, ನಾವು ಹೊರಗೆ ಇರಬೇಕು. ಮನೆಯವರಿಗೆ ಅಲ್-ಅನಾನ್ ಅನ್ನುವ ಬೇರೆ ಕೂಟ ಇದೆ. ಹೆಂಡತಿಯರು, ಮಕ್ಕಳು ಅಲ್ಲಿ "ನಾನು ಸರಿ ಇದ್ದಿದ್ದರೆ ಇವರು ಕುಡೀತಿರಲಿಲ್ಲ" ಅನ್ನುವ ಸುಳ್ಳಿನ ಭಾರವನ್ನು ಇಳಿಸುತ್ತಾರೆ.

ಹೊರಗಿನವರಿಂದ ಕಲಿಯಲು ನಾಚಿಕೆ ಬೇಡ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು, ಕಾಸು ಕೇಳಲಿಲ್ಲ. "ನಿಮ್ಮ ಚಟ ಹಾಕಿ" ಅಂದರು. ಅವರ ಹುಟ್ಟುಹಬ್ಬ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅವರು ಕುಡುಕರು ಮಠಕ್ಕೆ ಬರಲಿ ಅಂತ ಕಾಯಲಿಲ್ಲ, ತಾವೇ ಓಣಿಗೆ ಹೋದರು ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಬೇರೆ ಧರ್ಮದವರು ಸಹಾಯ ಕೇಳಿ ಬಂದರೆ?

ಸಹಾಯ ಮಾಡಿ. ಷರತ್ತು ಬೇಡ, ಆರಾಧನೆಗೆ ಬಾ ಅನ್ನುವುದೂ ಬೇಡ. ನಡುಗುವ ಕೈಗೆ ಬೇಕಾದದ್ದು ಆಸ್ಪತ್ರೆಗೆ ಒಂದು ಆಟೋ. ಯೇಸು ಹೇಳಿದ ಕಥೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಜಾತಿ ಕೇಳಲಿಲ್ಲ, ಛತ್ರದವನಿಗೆ ದುಡ್ಡು ಕೊಟ್ಟು, ಮತ್ತೆ ಬರುತ್ತೇನೆ ಅಂದು ಹೋದ.

ಈಗ ರಾತ್ರಿ ಹನ್ನೊಂದು. ನಿನ್ನೆಯಿಂದ ಕುಡಿದಿಲ್ಲ, ಮೈ ನಡುಗುತ್ತಿದೆ, ಏನೇನೋ ಮಾತಾಡುತ್ತಿದ್ದಾರೆ. ಏನು ಮಾಡಲಿ?

108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ದೀಪ ಹಾಕಿ, ಹತ್ತಿರ ಕೂತು ಅವರ ಹೆಸರು ಹಿಡಿದು ಮೆತ್ತಗೆ ಮಾತಾಡಿ. ಕಟ್ಟಿಹಾಕಬೇಡಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಲ್ಲಿ ಚಮಚ, ಬಟ್ಟೆ ಏನೂ ತುರುಕಬೇಡಿ, ನೀರು ಹಾಕಬೇಡಿ. ಕೊನೆಯ ಸಲ ಯಾವಾಗ, ಎಷ್ಟು ಕುಡಿದರು ಅಂತ ಡಾಕ್ಟರಿಗೆ ನಿಜ ಹೇಳಿ. ಆಂಬುಲೆನ್ಸ್ ಹತ್ತಿದ ಮೇಲೆ ಸಭೆಯ ಒಬ್ಬರಿಗೆ ಫೋನ್ ಮಾಡಿ, ಆಸ್ಪತ್ರೆಗೇ ಬರಲು ಹೇಳಿ. ಬರುವಾಗ ಒಂದು ಶಾಲು, ಆಧಾರ್ ಕಾರ್ಡು, ಮಕ್ಕಳಿಗೆ ತಿನ್ನಲು ಏನಾದರೂ ತರಲಿ.